ಎಲ್‌ಇಡಿ ಹೆಡ್‌ಲ್ಯಾಂಪ್ ಜೋಡಣೆ: ಒಳಗಿನ ಎಲೆಕ್ಟ್ರಾನಿಕ್ಸ್ ಕೆಡದಂತೆ ಕಾಪಾಡುವ ಸಮಗ್ರ ಮಾರ್ಗದರ್ಶಿ

ಜೋಡಣೆಯ ಬೆಂಚಿನಲ್ಲಿ ಸ್ಥಿರ ವಿದ್ಯುತ್ತಿನ, ಅಂದರೆ ಉಜ್ಜಾಟದಿಂದ ಕೂಡಿಕೊಳ್ಳುವ ಚಾರ್ಜಿನ, ಪೆಟ್ಟು ತಿಂದ ಎಲ್‌ಇಡಿ ಅಲ್ಲೇ ಆರಿಹೋದರೆ ಅದು ಅದೃಷ್ಟ ಎಂದೇ ತಿಳಿಯಬೇಕು. ಬಹಳ ಸಲ ಹಾಗಾಗುವುದಿಲ್ಲ. ಪೆಟ್ಟು ತಿಂದ ಮೇಲೂ ಅದು ಉರಿಯುತ್ತದೆ, ಕೊನೆಯ ಪರೀಕ್ಷೆಯಲ್ಲಿ ಪಾಸಾಗುತ್ತದೆ, ಗಾಡಿಗೆ ಕೂತು ಕೆಲವು ತಿಂಗಳು ಓಡಿದ ಮೇಲೆ ಮಂಕಾಗುತ್ತದೆ ಅಥವಾ ಮಿಣಮಿಣ ಎನ್ನತೊಡಗುತ್ತದೆ. ಅಷ್ಟು ಹೊತ್ತಿಗೆ ಲೆನ್ಸ್ ಹೌಸಿಂಗಿಗೆ ಬೆಸೆದುಹೋಗಿರುತ್ತದೆ. ಎಲ್‌ಇಡಿ ಕೂತಿರುವ ಬೆರಳುಗುರಿನಷ್ಟು ಅಗಲದ ಸರ್ಕ್ಯೂಟ್ ಬೋರ್ಡಿಗಾಗಿ ಇಡೀ ದೀಪವನ್ನೇ ಬದಲಿಸಬೇಕು.

ಇದನ್ನು ತಪ್ಪಿಸಲು ಹೆಚ್ಚಿನವರು ಮಾಡುವುದು ಒಂದೇ ಕೆಲಸ: ಮೈಯ ಚಾರ್ಜನ್ನು ಅರ್ಥಿಂಗ್‌ಗೆ ಇಳಿಸುವ ಪಟ್ಟಿಯನ್ನು, ಅಂದರೆ ರಿಸ್ಟ್ ಸ್ಟ್ರಾಪನ್ನು, ಮಣಿಕಟ್ಟಿಗೆ ಕಟ್ಟಿಕೊಳ್ಳುವುದು. ಅದು ಬೇಕೇ ಬೇಕು, ಆದರೆ ದೀಪದ ಜೋಡಣೆಗೆ ಸಾಲದು. ಕಂಪ್ಯೂಟರ್ ಬೋರ್ಡ್ ಜೋಡಿಸುವಾಗ ಸುತ್ತ ಇರುವುದು ಲೋಹದ ಪೆಟ್ಟಿಗೆ. ಹೆಡ್‌ಲ್ಯಾಂಪಿನಲ್ಲಿ ಬೋರ್ಡಿನ ಸುತ್ತ ಇರುವುದೆಲ್ಲ ಪ್ಲಾಸ್ಟಿಕ್: ಪಾಲಿಕಾರ್ಬೊನೇಟ್ ಲೆನ್ಸ್, ಪಾಲಿಪ್ರೊಪಿಲೀನ್ ಹೌಸಿಂಗ್, ಬೆಳಕನ್ನು ಒಯ್ಯುವ ಅಕ್ರಿಲಿಕ್ ಲೈಟ್ ಗೈಡ್, ಅಲ್ಯೂಮಿನಿಯಂ ಲೇಪನದ ರಿಫ್ಲೆಕ್ಟರ್, ಒಳಗಿನ ಅಲಂಕಾರದ ಚೌಕಟ್ಟಾದ ಬೆಝೆಲ್. ಉಜ್ಜಿದರೆ ಸಾಕು, ಇವೆಲ್ಲ ಚಾರ್ಜ್ ಆಗುತ್ತವೆ. ಅರ್ಥಿಂಗ್ ತಂತಿ ಸಿಕ್ಕಿಸಿದರೂ ಆ ಚಾರ್ಜ್ ಹರಿದು ಹೋಗುವುದಿಲ್ಲ, ಏಕೆಂದರೆ ಅವು ವಿದ್ಯುತ್ ಹರಿಯಗೊಡದ ವಸ್ತುಗಳು. ಈ ಬರಹದಲ್ಲಿ ಉಳಿದೆಲ್ಲ ಮಾತಿಗೂ ಬೇರು ಇದೇ: ಕೈಗಿಂತ ಪ್ಲಾಸ್ಟಿಕ್ಕಿನ ಮೇಲೆ ಕಣ್ಣಿಡಿ.

ಮೊದಲು ಅಪಾಯ ಎಷ್ಟೆಂದು ತಿಳಿಯೋಣ

ನಮ್ಮ ಬೆರಳಿಗೆ ಚುರುಕ್ ಎಂದು ಗೊತ್ತಾಗಬೇಕಾದರೆ ಮೈಮೇಲೆ ಸುಮಾರು 3,000 ವೋಲ್ಟ್ ಇರಬೇಕು. ರಕ್ಷಣೆಯಿಲ್ಲದ ಎಲ್‌ಇಡಿ ಚಿಪ್ ಕೆಡಲು ಅದಕ್ಕಿಂತ ಎಷ್ಟೋ ಕಡಿಮೆ ಸಾಕು. ಅಂದರೆ ನಿಮಗೆ ಏನೂ ಅನಿಸದಿದ್ದಾಗಲೇ ಚಿಪ್ಪಿಗೆ ಪೆಟ್ಟು ಬಿದ್ದಿರಬಹುದು. ಪರೀಕ್ಷಾ ಮಾನದಂಡಗಳಲ್ಲಿ ಮನುಷ್ಯನ ದೇಹವನ್ನು 100 ಪಿಕೊಫ್ಯಾರಡ್ ಕೆಪ್ಯಾಸಿಟರ್, ಅದರ ಜೊತೆ 1,500 ಓಮ್ ರೆಸಿಸ್ಟರ್ ಎಂದು ಲೆಕ್ಕ ಹಿಡಿಯುತ್ತಾರೆ. 3,000 ವೋಲ್ಟಿನಲ್ಲಿ ಅದು ಒಂದು ಕ್ಷಣಕ್ಕೆ 2 ಆಂಪಿಯರ್ ಹರಿಸುತ್ತದೆ. ಒಣ ಹವೆಯಲ್ಲಿ ವಿನೈಲ್ ನೆಲದ ಮೇಲೆ ಓಡಾಡಿದರೆ 10,000 ವೋಲ್ಟ್ ದಾಟುವುದೂ ಉಂಟು.

ಹಲವು ವಾಹನ ದರ್ಜೆಯ ಎಲ್‌ಇಡಿಗಳ ಪ್ಯಾಕೇಜಿನೊಳಗೆ ರಕ್ಷಣೆಗೆಂದೇ ಒಂದು ಡಯೋಡ್ ಇರುತ್ತದೆ. ಡೇಟಾಶೀಟಿನಲ್ಲಿ 8 ಕಿಲೊವೋಲ್ಟ್ ತಡೆಯುತ್ತದೆ ಎಂದೂ ಬರೆದಿರುತ್ತದೆ. ಅದನ್ನು ನಂಬಿ ಸಡಿಲ ಬಿಡಬೇಡಿ. ಆ ಅಂಕಿ ಮನುಷ್ಯನ ಬೆರಳಿನಿಂದ ಬರುವ ಹೊಡೆತಕ್ಕೆ ಮಾತ್ರ. ಚಾರ್ಜ್ ಆದ ಬೋರ್ಡ್ ಲೋಹಕ್ಕೆ ತಾಗಿದಾಗಿನ ಹೊಡೆತ ಅದಕ್ಕಿಂತ ಬಹಳ ಚುರುಕು, ಬಹಳ ಮೊನಚು. ಇನ್ನು ಎಲ್‌ಇಡಿಗೆ ಕರೆಂಟ್ ಒದಗಿಸುವ ಡ್ರೈವರಿನಿಂದ ನುಗ್ಗುವ ಕರೆಂಟಿನ ಎದುರು ಆ ಡಯೋಡ್ ಬಹುಮಟ್ಟಿಗೆ ನಿರುಪಯೋಗಿ. ಆ ವಿಷಯ ಮುಂದೆ ಬರುತ್ತದೆ.

ಹಂತ 1: ಬೆಂಚ್ ಸಜ್ಜುಗೊಳಿಸುವುದು

ಬೇಕಾದ ಸಾಮಾನು: ಚಾರ್ಜನ್ನು ನಿಧಾನವಾಗಿ ಹರಿಯಬಿಡುವ ಡಿಸಿಪೇಟಿವ್ ಮ್ಯಾಟ್, 1 ಮೆಗಾಓಮ್ ರೆಸಿಸ್ಟರ್ ಇರುವ ರಿಸ್ಟ್ ಸ್ಟ್ರಾಪ್, ಬೆಂಚಿನ ಮೇಲಿಡುವ ಅಯಾನೈಸರ್ ಫ್ಯಾನ್, ಅಯಾನೈಸ್ ಮಾಡಿದ ಗಾಳಿ ಬಿಡುವ ಗನ್, ಸ್ಥಿರ ವಿದ್ಯುತ್ ಅಳೆಯುವ ಫೀಲ್ಡ್ ಮೀಟರ್, ತೇವಾಂಶ ಮಾಪಕ, ಟಾರ್ಕ್ (ತಿರುಗಿಸಿ ಬಿಗಿಯುವ ಬಲ) ನಿಗದಿ ಮಾಡಬಹುದಾದ ಸ್ಕ್ರೂಡ್ರೈವರ್, 10 ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ, ಎಳೆ ಬಿಡದ ಒರೆಸುವ ಬಟ್ಟೆ, ಐಸೊಪ್ರೊಪೈಲ್ ಆಲ್ಕೊಹಾಲ್. ಫೀಲ್ಡ್ ಮೀಟರ್ ಅನಗತ್ಯ ಖರ್ಚೆಂದು ಬಿಟ್ಟುಬಿಡುವವರಿದ್ದಾರೆ. ಈ ಪಟ್ಟಿಯಲ್ಲಿ ಒಂದೇ ಒಂದನ್ನು ಹೆಚ್ಚುವರಿಯಾಗಿ ಕೊಳ್ಳುವುದಾದರೆ ಅದನ್ನೇ ಕೊಳ್ಳಿ. ಅದಿಲ್ಲದೆ ಶತ್ರು ಎಲ್ಲಿದ್ದಾನೆಂದೇ ಕಾಣುವುದಿಲ್ಲ.

ಮ್ಯಾಟಿನಿಂದ ಅರ್ಥಿಂಗ್‌ವರೆಗಿನ ಪ್ರತಿರೋಧ 10 ಲಕ್ಷದಿಂದ 100 ಕೋಟಿ ಓಮ್ ನಡುವೆ ಇರಲಿ. 100 ಕೋಟಿ ಓಮ್ ಎಂಬ ಮೇಲಿನ ಮಿತಿ ಸ್ಥಿರ ವಿದ್ಯುತ್ ತಡೆಯ ಮಾನದಂಡಗಳಾದ ಐಇಸಿ 61340-5-1 ಮತ್ತು ಎಎನ್‌ಎಸ್‌ಐ/ಇಎಸ್‌ಡಿ ಎಸ್20.20 ಎರಡರಲ್ಲೂ ಇದೆ. ಕೆಳಮಿತಿಯೂ ಅಷ್ಟೇ ಮುಖ್ಯ. ಬರೀ ಸ್ಟೀಲ್ ಹಾಳೆಯ ಮೇಜು ನೋಡಲು ಚೊಕ್ಕಟ, ಆದರೆ ಚಾರ್ಜ್ ಆದ ಬೋರ್ಡನ್ನು ಅದರ ಮೇಲಿಟ್ಟರೆ ಇದ್ದಬದ್ದ ಚಾರ್ಜೆಲ್ಲ ಒಂದೇ ಏಟಿಗೆ ಹೊರಹಾರುತ್ತದೆ. ಮ್ಯಾಟ್ ಮಾಡುವ ಕೆಲಸ ಆ ಹರಿವನ್ನು ನಿಧಾನಗೊಳಿಸುವುದು.

ಪ್ರತಿ ಮ್ಯಾಟಿಗೂ ಪ್ರತಿ ಸ್ಟ್ರಾಪಿಗೂ ಬೇರೆ ಬೇರೆ ತಂತಿ ಎಳೆದು ಒಂದೇ ಅರ್ಥಿಂಗ್ ಬಿಂದುವಿಗೆ ಸೇರಿಸಿ. ಒಂದು ಮ್ಯಾಟಿನಿಂದ ಇನ್ನೊಂದಕ್ಕೆ ಸರಪಳಿ ಹಾಕಿದರೆ ನಡುವಿನ ಒಂದು ಜೋಡಣೆ ಸಡಿಲವಾದಾಗ ಮುಂದಿನ ಬೆಂಚುಗಳೆಲ್ಲ ಗೊತ್ತಿಲ್ಲದಂತೆ ಅನಾಥವಾಗುತ್ತವೆ. ಬೆಸುಗೆ ಕಬ್ಬಿಣದ ತುದಿಗೂ ಅರ್ಥಿಂಗ್ ಇರಬೇಕು. ತುದಿಯಿಂದ ಅರ್ಥಿಂಗ್‌ಗೆ 2 ಓಮ್ ದಾಟದಿರಲಿ.

ರಿಸ್ಟ್ ಸ್ಟ್ರಾಪನ್ನು ಬಟ್ಟೆಯ ಮೇಲೆ ಕಟ್ಟಬೇಡಿ, ಚರ್ಮಕ್ಕೆ ತಾಗಿರಲಿ. ಪಾಳಿ ಶುರುವಾಗುವ ಮೊದಲು ಪ್ರತಿದಿನ ಟೆಸ್ಟರಿನಲ್ಲಿ ನೋಡಿ; ದೇಹವೂ ಸೇರಿ ಒಟ್ಟು ಪ್ರತಿರೋಧ 35 ಮೆಗಾಓಮ್ ಒಳಗಿರಬೇಕು. ಒಣ ಚರ್ಮದವರಿಗೆ ಇದು ಮೀರುವುದುಂಟು. ಅವರಿಗೆ ಸ್ಥಿರ ವಿದ್ಯುತ್ ಕೆಲಸಕ್ಕೆಂದೇ ಬರುವ ಲೋಶನ್ ಇದೆ. ಮಾಮೂಲಿ ಕ್ರೀಮ್ ಬೇಡ, ಅದರ ಜಿಡ್ಡು ರಿಫ್ಲೆಕ್ಟರಿಗೆ ಅಂಟುತ್ತದೆ. ಸ್ಟ್ರಾಪಿನೊಳಗಿನ 1 ಮೆಗಾಓಮ್ ನಿಮ್ಮ ಪ್ರಾಣ ಕಾಯಲು ಇರುವುದು: ಅಕಸ್ಮಾತ್ 240 ವೋಲ್ಟ್ ತಾಗಿದರೂ ಸ್ಟ್ರಾಪಿನ ಮೂಲಕ ಹರಿಯುವುದು 0.24 ಮಿಲಿಆಂಪಿಯರ್ ಮಾತ್ರ. ಆದ್ದರಿಂದ ಅದನ್ನು ಕಿತ್ತು ಬರೀ ತಂತಿ ಕಟ್ಟಿಕೊಳ್ಳುವುದು ಅಪಾಯ. ಕ್ಸೆನಾನ್ ದೀಪದ ಬ್ಯಾಲಸ್ಟಿಗೆ ವಿದ್ಯುತ್ ಕೊಡುವಾಗ ಸ್ಟ್ರಾಪ್ ತೆಗೆದು ದೂರ ಸರಿಯಿರಿ. ಅಲ್ಲಿ ಹೊತ್ತಿಸುವ ವೋಲ್ಟೇಜೇ 20,000 ದಾಟುತ್ತದೆ.

ಕೋಣೆಯ ತೇವಾಂಶ 40ರಿಂದ 60% ಇರಲಿ. 30%ಕ್ಕಿಂತ ಕೆಳಗಿಳಿದರೆ ಉಜ್ಜಿದ್ದೆಲ್ಲ ಚಾರ್ಜ್ ಆಗುತ್ತದೆ. ಹಾಗೆಂದು ತೇವಾಂಶ ಚೆನ್ನಾಗಿದೆ, ಅರ್ಥಿಂಗ್ ಬೇಡ ಎಂದುಕೊಳ್ಳುವ ಹಾಗಿಲ್ಲ.

ಹಂತ 2: ಪ್ಲಾಸ್ಟಿಕ್ಕನ್ನು ಶಾಂತಗೊಳಿಸುವುದು

ಅರ್ಥಿಂಗ್‌ನಿಂದ ಇಳಿಯದ ಚಾರ್ಜನ್ನು ಇಳಿಸಲು ಇರುವ ದಾರಿ ಅಯಾನೈಸರ್. ಅದು ಧನ, ಋಣ ಎರಡೂ ಬಗೆಯ ಅಯಾನುಗಳನ್ನು ಗಾಳಿಗೆ ಬಿಡುತ್ತದೆ. ಪ್ಲಾಸ್ಟಿಕ್ ತನಗೆ ಬೇಕಾದ್ದನ್ನು ಎಳೆದುಕೊಂಡು ತಟಸ್ಥವಾಗುತ್ತದೆ. ಬೆಂಚಿನ ಫ್ಯಾನನ್ನು ಕೆಲಸದ ಜಾಗದಿಂದ 30–60 ಸೆಂಟಿಮೀಟರ್ ದೂರದಲ್ಲಿಟ್ಟು, ನಿಮ್ಮ ಕೈ ಅಡ್ಡಬರದಂತೆ ಗಾಳಿ ನೇರವಾಗಿ ಭಾಗದ ಮೇಲೆ ಬೀಳುವಂತೆ ತಿರುಗಿಸಿ. ಎರಡೂ ಅಯಾನುಗಳ ಸಮತೋಲ ಧನ–ಋಣ 35 ವೋಲ್ಟ್ ಒಳಗೆ ಇರಬೇಕು. ಅಯಾನು ಹುಟ್ಟಿಸುವ ಸೂಜಿಗಳ ತುದಿಗೆ ಬಿಳಿ ಬೂಷ್ಟಿನಂಥ ಪದರ ಕಟ್ಟಿದರೆ ಸಮತೋಲ ಕೆಡುತ್ತದೆ. ಸಮತೋಲ ಕೆಟ್ಟ ಅಯಾನೈಸರ್ ಚಾರ್ಜ್ ಇಳಿಸುವ ಬದಲು ತಾನೇ ಚಾರ್ಜ್ ತುಂಬುತ್ತದೆ. ಸೂಜಿ ಶುಚಿಗೊಳಿಸುವುದಕ್ಕೆ ಒಂದು ದಿನ ಗೊತ್ತು ಮಾಡಿ, ಆಲ್ಕೊಹಾಲಿನಲ್ಲಿ ಅದ್ದಿದ ಕಡ್ಡಿಯಿಂದ ಒರೆಸಿ.

ಈಗ ಒಂದು ಪ್ರಯೋಗ ಮಾಡಿ ನೋಡಿ. ಹೊಸ ಬೆಝೆಲ್ ಅಥವಾ ಲೆನ್ಸಿನ ಮೇಲಿನ ರಕ್ಷಣಾ ಹಾಳೆಯ ಮೂಲೆ ಹಿಡಿದು ಸರ್ರನೆ ಎಳೆಯಿರಿ. ತಕ್ಷಣ ಫೀಲ್ಡ್ ಮೀಟರನ್ನು ಅದರಿಂದ 2.5 ಸೆಂಟಿಮೀಟರ್ ದೂರಕ್ಕೆ ತನ್ನಿ. ಅಂಕಿ ಸಾವಿರಗಳಲ್ಲಿ ಜಿಗಿಯುತ್ತದೆ. ಭಾಗವನ್ನು ಅರ್ಥಿಂಗ್ ಇರುವ ಮ್ಯಾಟಿನ ಮೇಲಿಡಿ, ಸ್ಟ್ರಾಪ್ ಕಟ್ಟಿದ ಕೈಯಿಂದ ಮುಟ್ಟಿ, ಮತ್ತೆ ಅಳೆಯಿರಿ: ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಈಗ ಅಯಾನೈಸರಿನ ಗಾಳಿಗೆ ಹಿಡಿಯಿರಿ. ಅಂಕಿ ಇಳಿಯುವುದು ಕಣ್ಣಿಗೇ ಕಾಣುತ್ತದೆ. ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ ಮೊದಲ ದಿನವೇ ಇದನ್ನು ತೋರಿಸಬೇಕು. ಗೋಡೆಯ ಮೇಲಿನ ಹತ್ತು ಸೂಚನಾಫಲಕಗಳು ಕಲಿಸದ್ದನ್ನು ಇದು ಕಲಿಸುತ್ತದೆ.

ಹಾಳೆಯನ್ನು ಬೋರ್ಡ್ ಹತ್ತಿರ ಇರುವಾಗ ಸುಲಿಯಬೇಡಿ. ಬೇರೆ ಜಾಗದಲ್ಲಿ, ಅಯಾನೈಸರಿನ ಎದುರು, ನಿಧಾನವಾಗಿ, ಹಿಂದಕ್ಕೆ ಮಡಚಿದಂತೆ ಸುಲಿದು, ಕೆಲವು ಸೆಕೆಂಡು ಗಾಳಿಯಲ್ಲಿ ಹಿಡಿದು, ಅಳೆದು, ಆಮೇಲೆ ಬೆಂಚಿಗೆ ತನ್ನಿ. ಎಸ್20.20ರ ನಿಯಮ ನೆನಪಿಡಲು ಸುಲಭ: 2.5 ಸೆಂಟಿಮೀಟರ್ ದೂರದಿಂದ ಅಳೆದಾಗ 2,000 ವೋಲ್ಟ್ ಮೀರಿ ತೋರಿಸುವ ಯಾವ ವಸ್ತುವೂ ಬೋರ್ಡಿನಿಂದ 30 ಸೆಂಟಿಮೀಟರ್ ಒಳಗೆ ಬರಕೂಡದು. ನೀರಿನ ಬಾಟಲಿ, ಅಂಟುಪಟ್ಟಿಯ ಸುರುಳಿ, ಪ್ಲಾಸ್ಟಿಕ್ ಹೊದಿಕೆಯ ಕಡತ ಇವೂ ಇದರಲ್ಲಿ ಸೇರಿದವೇ.

ಹತ್ತಿರ ಬಂದರೆ ಏನಾಗುತ್ತದೆ? ಪ್ಲಾಸ್ಟಿಕ್ ಬೋರ್ಡನ್ನು ಮುಟ್ಟಬೇಕೆಂದೇ ಇಲ್ಲ. ಚಾರ್ಜ್ ಆದ ಲೆನ್ಸ್ ಪಕ್ಕದಲ್ಲಿದ್ದರೆ ಬೋರ್ಡಿನೊಳಗಿನ ಚಾರ್ಜ್ ಒಂದು ಕಡೆಗೆ ಸರಿಯುತ್ತದೆ. ಆ ಗಳಿಗೆಯಲ್ಲಿ ಅರ್ಥಿಂಗ್ ಆಗಿರುವ ಲೋಹದ ಇಕ್ಕಳ ಅದರ ಪ್ಯಾಡಿಗೆ (ಬೆಸುಗೆ ಹಾಕುವ ತಾಮ್ರದ ಜಾಗಕ್ಕೆ) ತಾಗಿದರೆ ಒಂದು ಹೊಡೆತ. ಲೆನ್ಸನ್ನು ದೂರ ಒಯ್ದ ಮೇಲೆ ಬೋರ್ಡ್ ವಿರುದ್ಧ ಚಾರ್ಜಿನಲ್ಲಿ ಉಳಿದಿರುತ್ತದೆ. ಮತ್ತೆ ತಾಗಿದರೆ ಎರಡನೆಯ ಹೊಡೆತ. ಸ್ಟ್ರಾಪ್ ಕಟ್ಟಿದ, ಎಲ್ಲ ನಿಯಮ ಪಾಲಿಸಿದ ಕೆಲಸಗಾರನ ಕೈಯಲ್ಲೇ ಎಲ್‌ಇಡಿ ಕೆಡುವ ಬಗೆ ಇದು.

ರಿಫ್ಲೆಕ್ಟರ್ ಇನ್ನೂ ಕಪಟಿ. ಪ್ಲಾಸ್ಟಿಕ್ ಮೈ ಮೇಲೆ ಮಿಲಿಮೀಟರಿನ ಹತ್ತು ಸಾವಿರದಲ್ಲೊಂದು ಭಾಗದಷ್ಟು ತೆಳುವಾದ ಅಲ್ಯೂಮಿನಿಯಂ ಪದರ. ಅದು ಲೋಹ, ಆದರೆ ಯಾವುದಕ್ಕೂ ಜೋಡಿಸಿಲ್ಲ. ಚಾರ್ಜ್ ಹೊತ್ತು ಕೂತ ಆ ಪದರದ ಅಂಚು ಎಲ್‌ಇಡಿ ಬೋರ್ಡಿನ ಪ್ಯಾಡಿಗೆ ತಾಗಿದರೆ, ಪ್ಲಾಸ್ಟಿಕ್ಕಿನ ಹಾಗೆ ಒಂದು ಚುಕ್ಕೆಯ ಚಾರ್ಜ್ ಅಲ್ಲ, ಇಡೀ ಮೇಲ್ಮೈಯ ಚಾರ್ಜ್ ಒಟ್ಟಿಗೆ ಸುರಿಯುತ್ತದೆ. ಅದನ್ನು ಮುಟ್ಟಿ ಅರ್ಥಿಂಗ್ ಮಾಡುವ ಹಾಗೂ ಇಲ್ಲ, ಬೆರಳಚ್ಚು ಬಿದ್ದರೆ ಹೋಗದು, ಒರೆಸಿದರೆ ಲೇಪನವೇ ಗೀರಾಗುತ್ತದೆ. ಹೀಗಾಗಿ ರಿಫ್ಲೆಕ್ಟರನ್ನು ಅಂಚಿನಲ್ಲಿ ಹಿಡಿದು, ಬೋರ್ಡಿನ ಮೇಲೆ ಇಳಿಸುವ ಮುನ್ನ ಪ್ರತಿಯೊಂದನ್ನೂ ಅಯಾನೈಸರಿನ ಗಾಳಿಗೆ ಹಿಡಿಯುವುದು ಕಡ್ಡಾಯ. ಧೂಳು ಕಂಡರೆ ಅಯಾನೈಸ್ ಮಾಡಿದ ಗಾಳಿಯಿಂದಲೇ ಊದಿ. ಮಾಮೂಲಿ ಕಂಪ್ರೆಸರಿನ ಒಣ ಗಾಳಿ ಹಾಯಿಸಿದರೆ ಧೂಳು ಹೋಗಿ ಚಾರ್ಜ್ ಬರಬಹುದು, ಆ ಚಾರ್ಜ್ ಹೊಸ ಧೂಳನ್ನು ಕರೆಯುತ್ತದೆ.

ಹಂತ 3: ಬೋರ್ಡನ್ನು ಹೊರತೆಗೆಯುವುದು, ನೋಡುವುದು

ಬೋರ್ಡ್ ಬರುವ ಬೆಳ್ಳಿ ಬಣ್ಣದ ಲೋಹಲೇಪಿತ ಚೀಲ ಮಾತ್ರ ಹೊರಗಿನ ಹೊಡೆತವನ್ನು ತಡೆಯುತ್ತದೆ. ಗುಲಾಬಿ ಚೀಲ ತಾನು ಚಾರ್ಜ್ ಆಗುವುದಿಲ್ಲ, ಅಷ್ಟೇ, ಒಳಗಿನದ್ದಕ್ಕೆ ಕವಚವಲ್ಲ. ಚೀಲವನ್ನು ಮೊದಲು ಮ್ಯಾಟಿನ ಮೇಲಿಡಿ, ಸ್ಟ್ರಾಪ್ ಕಟ್ಟಿ, ಆಮೇಲೆ ತೆರೆಯಿರಿ. ಒಂದು ಸಲಕ್ಕೆ ಒಂದು ಟ್ರೇ ಮಾತ್ರ. ಬೋರ್ಡುಗಳನ್ನು ಒಂದರ ಮೇಲೊಂದು ಪೇರಿಸಬೇಡಿ.

ಎಲ್‌ಇಡಿಯ ಗುಮ್ಮಟ ಎಂದು ಕಾಣುವುದು ಗಾಜಲ್ಲ, ಮೆತ್ತನೆಯ ಸಿಲಿಕೋನ್. ಅದರ ಕೆಳಗೆ ಕೂದಲಿಗಿಂತ ತೆಳ್ಳಗಿನ ಬಂಗಾರದ ತಂತಿ ಇರಬಹುದು. ಗುಮ್ಮಟದ ಮೇಲೆ ಬೆರಳೊತ್ತಿದರೆ ಅದು ಬಾಗುತ್ತದೆ, ಬಿಟ್ಟರೆ ಮೊದಲಿನ ಹಾಗೆ ನಿಲ್ಲುತ್ತದೆ, ಏನೂ ಆಗಿಲ್ಲವೆನಿಸುತ್ತದೆ. ಒಳಗೆ ತಂತಿ ಬುಡದಿಂದ ಕಿತ್ತಿರಬಹುದು. ಬಿಸಿಯಾದಾಗ ಆರಿ ತಣ್ಣಗಾದಾಗ ಉರಿಯುವ ಎಲ್‌ಇಡಿಗೆ ಇದು ಸಾಮಾನ್ಯ ಕಾರಣಗಳಲ್ಲೊಂದು. ಬೋರ್ಡನ್ನು ಅಂಚಿನಲ್ಲೇ ಹಿಡಿಯಿರಿ. ಬಿಡಿ ಎಲ್‌ಇಡಿ ಎತ್ತಬೇಕಾದರೆ ಇಕ್ಕಳ ಸೆರಾಮಿಕ್ ತಳದ ಪಕ್ಕಗಳನ್ನು ಹಿಡಿಯಲಿ.

ಕೈಗವಸಿನ ಬಗ್ಗೆ ಒಂದು ಎಚ್ಚರಿಕೆ. ನೈಸರ್ಗಿಕ ರಬ್ಬರಿನ ಕೈಗವಸು, ರಬ್ಬರ್ ಬ್ಯಾಂಡು, ರಟ್ಟಿನ ಪೆಟ್ಟಿಗೆ ಇವುಗಳಲ್ಲಿ ಗಂಧಕ ಇರುತ್ತದೆ. ಗಂಧಕದ ಅನಿಲ ಸಿಲಿಕೋನನ್ನು ಸುಲಭವಾಗಿ ದಾಟಿ ಎಲ್‌ಇಡಿ ಒಳಗಿನ ಬೆಳ್ಳಿ ಲೇಪನವನ್ನು ಕಪ್ಪು ಮಾಡುತ್ತದೆ. ಬೆಳ್ಳಿ ಪಾತ್ರೆ ಕಪ್ಪಾಗುವುದೂ ಇದೇ ಕ್ರಿಯೆಯಿಂದ. ಗಂಧಕ ಕಡಿಮೆ ಇರುವ, ಪುಡಿ ಹಚ್ಚದ, ಸ್ಥಿರ ವಿದ್ಯುತ್ ಕೆಲಸಕ್ಕೆಂದೇ ಮಾಡಿದ ನೈಟ್ರೈಲ್ ಕೈಗವಸು ಬಳಸಿ. ಬೋರ್ಡುಗಳನ್ನು ರಟ್ಟಿನಲ್ಲಿಟ್ಟು ವಾರಾಂತ್ಯ ಕಳೆಯಬೇಡಿ.

ಈಗ ಈ ಮಾರ್ಗದರ್ಶಿಯಲ್ಲಿ ಅತಿ ಅಗ್ಗದ, ಅತಿ ಉಪಯುಕ್ತ ಪರೀಕ್ಷೆ: ಅಲ್ಪ ಕರೆಂಟಿನ ಪರೀಕ್ಷೆ. ಸ್ಥಿರ ವಿದ್ಯುತ್ತಿನ ಹೊಡೆತ ಚಿಪ್ಪಿನ ಸಂಧಿಯಲ್ಲಿ ಸಣ್ಣ ಸೋರುದಾರಿ ಮಾಡಿರುತ್ತದೆ. ಪೂರ್ಣ ಕರೆಂಟ್, ಅಂದರೆ 700 ಮಿಲಿಆಂಪಿಯರ್ ಕೊಟ್ಟಾಗ ಅದರಲ್ಲಿ ಒಂದೆರಡು ಮಿಲಿಆಂಪಿಯರ್ ಸೋರಿದರೆ ಕಣ್ಣಿಗೆ ಏನು ಗೊತ್ತಾದೀತು? ಅದೇ 1 ಮಿಲಿಆಂಪಿಯರ್ ಮಾತ್ರ ಕೊಟ್ಟರೆ ಅಷ್ಟೂ ಸೋರುದಾರಿಯಲ್ಲೇ ಹೋಗಿ ಆ ಎಲ್‌ಇಡಿ ಉರಿಯುವುದೇ ಇಲ್ಲ.

ಮಾಡುವ ಬಗೆ: ಮೂರು ಬಿಳಿ ಎಲ್‌ಇಡಿ ಸರಣಿಯಲ್ಲಿರುವ ಬೋರ್ಡಾದರೆ 24 ವೋಲ್ಟಿನ ಸಪ್ಲೈಗೆ 15 ಕಿಲೊಓಮ್ ರೆಸಿಸ್ಟರನ್ನು ಸರಣಿಯಲ್ಲಿ ಸೇರಿಸಿ. ಅಲ್ಪ ಕರೆಂಟಿನಲ್ಲಿ ಮೂರೂ ಸೇರಿ ಸುಮಾರು 8 ವೋಲ್ಟ್ ತಿನ್ನುತ್ತವೆ. ಉಳಿದ 16 ವೋಲ್ಟಿಗೆ ಹರಿಯುವುದು ಸುಮಾರು 1 ಮಿಲಿಆಂಪಿಯರ್. ಸಪ್ಲೈ ಆಫ್ ಮಾಡಿಯೇ ಕ್ಲಿಪ್ ಸಿಕ್ಕಿಸಿ, ಆಮೇಲೆ ಆನ್ ಮಾಡಿ. ಬೆಳಕು ಮಂದ ಮಾಡಿ ಓರೆಯಾಗಿ ನೋಡಿ. ಮೂರೂ ಒಂದೇ ಸಮನಾಗಿ ಮಿನುಗಬೇಕು. ಒಂದು ಕತ್ತಲಾಗಿದ್ದರೆ ಅಥವಾ ಉಳಿದವುಗಳಿಗಿಂತ ಎದ್ದು ಕಾಣುವಷ್ಟು ಮಂಕಾಗಿದ್ದರೆ ಆ ಬೋರ್ಡನ್ನು ಪಕ್ಕಕ್ಕಿಡಿ, ಪೂರ್ಣ ಕರೆಂಟಿನಲ್ಲಿ ಎಷ್ಟೇ ಚೆನ್ನಾಗಿ ಉರಿದರೂ. ಎಲ್‌ಇಡಿಗೆ ಸಮಾನಾಂತರವಾಗಿ ರೆಸಿಸ್ಟರ್ ಇರುವ ಅಥವಾ ಡ್ರೈವರ್ ಚಿಪ್ ಅದೇ ಬೋರ್ಡಿನಲ್ಲಿರುವ ವಿನ್ಯಾಸಗಳಿಗೆ ಇದು ಹೊಂದುವುದಿಲ್ಲ. ಅಲ್ಲಿ ಮೊದಲು ಸರ್ಕ್ಯೂಟ್ ಚಿತ್ರ ನೋಡಿ.

ಪೂರ್ಣ ಕರೆಂಟಿನಲ್ಲಿ ಉರಿಸಿ ನೋಡುವ ಆಸೆಯನ್ನು ಬೋರ್ಡನ್ನು ಹೀಟ್ ಸಿಂಕಿಗೆ (ಶಾಖ ಹೊರಹಾಕುವ ಲೋಹದ ತುಂಡಿಗೆ) ಕೂರಿಸುವವರೆಗೆ ತಡೆದುಕೊಳ್ಳಿ. ಬರಿಯ ಬೋರ್ಡಿನಲ್ಲಿ ಚಿಪ್ಪಿನ ಶಾಖ ಹೋಗಲು ದಾರಿಯಿಲ್ಲ, ತಾಪ ನೋಡನೋಡುತ್ತಿದ್ದಂತೆ ಮಿತಿ ಮೀರುತ್ತದೆ.

ಹಂತ 4: ಹೀಟ್ ಸಿಂಕಿಗೆ ಕೂರಿಸುವುದು

ಹೀಟ್ ಸಿಂಕಿನ ಮೇಲ್ಮೈಯನ್ನು ಆಲ್ಕೊಹಾಲಿನಿಂದ ಒರೆಸಿ, ಪೂರ್ತಿ ಆರಲು ಬಿಡಿ. ಬೆರಳಿಗೆ ಸಿಗದ ಲೋಹದ ಮುಳ್ಳು ಭೂತಗನ್ನಡಿಗೆ ಸಿಗುತ್ತದೆ. ರಂಧ್ರಗಳ ಅಂಚನ್ನು ತಪ್ಪದೆ ನೋಡಿ. ಲೋಹದ ತಿರುಳಿನ ಬೋರ್ಡಿನಲ್ಲಿ ತಾಮ್ರ ಮತ್ತು ಅಲ್ಯೂಮಿನಿಯಂ ನಡುವಿನ ನಿರೋಧಕ ಪದರ ಸಾಮಾನ್ಯವಾಗಿ 0.1 ಮಿಲಿಮೀಟರಿನ ಆಸುಪಾಸು, ಅಷ್ಟೇ. ಒಂದು ಲೋಹದ ಚೂರು ಅಡಿಗೆ ಸಿಕ್ಕರೆ ಬೋರ್ಡ್ ಓರೆಯಾಗುತ್ತದೆ, ಶಾಖದ ದಾರಿ ತಪ್ಪುತ್ತದೆ, ಬೆಳಕಿನ ಗೆರೆಯೂ ಕೆಡುತ್ತದೆ.

ಥರ್ಮಲ್ ಪೇಸ್ಟ್ ಎಷ್ಟು ಬೇಕು ಎಂಬುದಕ್ಕೆ ಅಂದಾಜು ಬೇಡ, ಲೆಕ್ಕ ಮಾಡಿ. 20 × 30 ಮಿಲಿಮೀಟರ್ ಬೋರ್ಡಿಗೆ 0.1 ಮಿಲಿಮೀಟರ್ ಪದರ ಬೇಕಾದರೆ 60 ಘನ ಮಿಲಿಮೀಟರ್, ಅಂದರೆ 0.06 ಮಿಲಿಲೀಟರ್. ಸಿರಿಂಜಿನಲ್ಲಿ ನೋಡಿದರೆ ಇದು ನಂಬಲಾಗದಷ್ಟು ಕಡಿಮೆ. ಹೆಚ್ಚು ಹಾಕಿದರೆ ಹೆಚ್ಚು ತಂಪು ಎಂಬುದು ತಪ್ಪು: ಪೇಸ್ಟ್ ಗಾಳಿಗಿಂತ ಮೇಲು, ಲೋಹಕ್ಕಿಂತ ಬಹಳ ಕೀಳು. ಹೆಚ್ಚಾದದ್ದು ಸ್ಕ್ರೂ ರಂಧ್ರದಿಂದ ಮೇಲೆ ಉಕ್ಕಿ ಎಲ್‌ಇಡಿ ಕಡೆಗೆ ಹರಿಯುತ್ತದೆ. ಪೇಸ್ಟಿನ ಬದಲು ಥರ್ಮಲ್ ಪ್ಯಾಡ್ ಬಳಸುವುದಾದರೆ ಒಂದು ಸಲ ಒತ್ತಿದ್ದನ್ನು ಎತ್ತಿ ಮತ್ತೆ ಕೂರಿಸಬೇಡಿ, ಗಾಳಿ ಸಿಕ್ಕಿಕೊಳ್ಳುತ್ತದೆ.

ಬೋರ್ಡನ್ನು ಗುರುತು ಪಿನ್ನುಗಳ ಮೇಲೆ ನೇರವಾಗಿ ಇಳಿಸಿ. ನಂತರ ಸ್ಕ್ರೂ. ತಲೆಯ ಅಡಿ ಚಪ್ಪಟೆ ಇರುವ ಸ್ಕ್ರೂ ಬೇಕು. ಶಂಕುವಿನಾಕಾರದ ತಲೆ ರಂಧ್ರವನ್ನು ಅಗಲಿಸಿ ಬೋರ್ಡನ್ನು ಸೀಳುತ್ತದೆ. ಎರಡು ಸುತ್ತಿನಲ್ಲಿ ಬಿಗಿಯಿರಿ: ಮೊದಲು ಎಲ್ಲ ಸ್ಕ್ರೂಗಳನ್ನು ಮೂಲೆಯಿಂದ ಎದುರು ಮೂಲೆಗೆ ನಿಗದಿತ ಟಾರ್ಕಿನ ಸುಮಾರು ಮೂರನೇ ಒಂದು ಭಾಗಕ್ಕೆ, ಆಮೇಲೆ ಅದೇ ಕ್ರಮದಲ್ಲಿ ಪೂರ್ಣಕ್ಕೆ. ಎಂ3 ಸ್ಕ್ರೂಗೆ 0.5–0.8 ನ್ಯೂಟನ್ ಮೀಟರ್ ಸಾಮಾನ್ಯ. ನಿಮ್ಮ ದೀಪದ ನಕ್ಷೆಯಲ್ಲಿ ಬೇರೆ ಇದ್ದರೆ ಅದೇ ಅಂತಿಮ. ಒಂದನ್ನು ಪೂರ್ತಿ ಬಿಗಿದು ಇನ್ನೊಂದಕ್ಕೆ ಹೋದರೆ ಬೋರ್ಡಿನ ಆಚೆ ತುದಿ ಏಳುತ್ತದೆ. ಎದ್ದ ತುದಿಯನ್ನು ಎರಡನೆಯ ಸ್ಕ್ರೂ ಬಗ್ಗಿಸಿ ಕೂರಿಸುತ್ತದೆ.

ಆ ಬಗ್ಗುವಿಕೆಯಲ್ಲಿ ಸಾಯುವುದು ಸೆರಾಮಿಕ್ ಕೆಪ್ಯಾಸಿಟರ್. ಅದು ಕಲ್ಲಿನಂತೆ ಗಟ್ಟಿ, ಬಾಗದು. ಬೆಸುಗೆಯ ಅಂಚಿನಿಂದ ಓರೆಯಾಗಿ ಒಳಗೆ ಬಿರುಕು ಬಿಡುತ್ತದೆ, ಹೊರಗಿನಿಂದ ಕಾಣುವುದಿಲ್ಲ. ತಿಂಗಳುಗಳ ನಂತರ ತೇವ ಸೇರಿ ಬಿರುಕು ಶಾರ್ಟ್ ಆಗುತ್ತದೆ, ಡ್ರೈವರ್ ಸುಡುತ್ತದೆ. ಬೋರ್ಡುಗಳ ಹಾಳೆಯನ್ನು ಕೈಯಿಂದ ಲಟಕ್ಕನೆ ಮುರಿದು ಬಿಡಿಸುವುದು, ಅಡಿಗೆ ಆಧಾರವಿಲ್ಲದೆ ಕನೆಕ್ಟರ್ ಒತ್ತುವುದು, ಎತ್ತರ ಒಂದೇ ಇಲ್ಲದ ಕಂಬಗಳ ಮೇಲೆ ಸ್ಕ್ರೂ ಹಾಕುವುದು, ಈ ಮೂರರಲ್ಲೂ ಇದೇ ಅಪಾಯ. ಬೋರ್ಡನ್ನು ಕತ್ತರಿಸುವ ಯಂತ್ರದಿಂದಲೇ ಬಿಡಿಸಿ. ಕನೆಕ್ಟರಿನ ಅಡಿಗೆ ಫಿಕ್ಸ್ಚರಿನಲ್ಲಿ (ಬೋರ್ಡನ್ನು ಹಿಡಿದಿಡುವ ಚೌಕಟ್ಟಿನಲ್ಲಿ) ಒಂದು ಆಧಾರದ ಗೂಟ ಮಾಡಿಸಿ.

ಹಂತ 5: ತಂತಿ ಮತ್ತು ಕನೆಕ್ಟರ್

ನೇರವಾಗಿ ಒತ್ತಿ, ಕ್ಲಿಕ್ ಕೇಳಿ, ಹಗುರವಾಗಿ ಹಿಂದಕ್ಕೆ ಎಳೆದು ನೋಡಿ. ಓರೆಯಾಗಿ ಹೊಕ್ಕ ಕನೆಕ್ಟರ್ ಪಿನ್ ಬಗ್ಗಿಸುತ್ತದೆ. ಪಟ್ಟಿ ಕೇಬಲಾದರೆ ಬೀಗ ಎತ್ತಿ, ಗುರುತಿನ ಗೆರೆ ಎರಡೂ ಬದಿಗೆ ಸಮನಾಗುವವರೆಗೆ ತಳ್ಳಿ, ಬೀಗದ ಎರಡೂ ಕಿವಿಗಳನ್ನು ಒಟ್ಟಿಗೆ ಒತ್ತಿ. ತಂತಿ ಹೀಟ್ ಸಿಂಕಿನ ರೆಕ್ಕೆಗಳಿಗೂ ದೀಪದ ಎತ್ತರ ಬದಲಿಸುವ ಮೋಟರಿನ ಚಲನೆಗೂ ಸಿಗದಂತೆ ಕ್ಲಿಪ್ಪಿನಲ್ಲಿ ಕೂರಿಸಿ.

ಮಲ್ಟಿಮೀಟರಿನ ಮೊನೆಯನ್ನು ಕನೆಕ್ಟರಿನ ಹೆಣ್ಣು ಟರ್ಮಿನಲ್ಲಿಗೆ ತುರುಕುವ ಅಭ್ಯಾಸ ಬಿಡಲೇಬೇಕು. ಒಳಗಿನ ಸ್ಪ್ರಿಂಗ್ ಒಮ್ಮೆ ಅಗಲವಾದರೆ ಪಿನ್ನನ್ನು ಬಿಗಿಯಾಗಿ ಹಿಡಿಯುವುದಿಲ್ಲ. ಬೆಂಚಿನಲ್ಲಿ ಸರಿ, ರಸ್ತೆಯ ಕುಲುಕಾಟದಲ್ಲಿ ಮಿಣಮಿಣ. ಅದಕ್ಕೆ ಹೊಂದುವ ಗಂಡು ಪಿನ್ನಿನ ಪರೀಕ್ಷಾ ತಂತಿ ಮಾಡಿಟ್ಟುಕೊಳ್ಳಿ.

ಹಂತ 6: ಡ್ರೈವರಿಗೆ ಜೀವ ಬಂದ ಮೇಲೆ ಎಲ್‌ಇಡಿ ಸಿಕ್ಕಿಸಬಾರದು

ಸ್ಥಿರ ವಿದ್ಯುತ್ತಿನ ಬಗ್ಗೆ ಇಷ್ಟೆಲ್ಲ ಜಾಗ್ರತೆ ವಹಿಸಿದವರೂ ಇಲ್ಲಿ ಎಡವುತ್ತಾರೆ. ಎಲ್‌ಇಡಿ ಡ್ರೈವರ್ ಸ್ಥಿರ ಕರೆಂಟ್ ಕೊಡುವ ಸಾಧನ. 700 ಮಿಲಿಆಂಪಿಯರ್ ಹರಿಸಬೇಕೆಂಬುದಷ್ಟೇ ಅದಕ್ಕೆ ಗೊತ್ತು. ಎಲ್‌ಇಡಿ ಸಿಕ್ಕಿಸದೆ ಡ್ರೈವರಿಗೆ ವಿದ್ಯುತ್ ಕೊಟ್ಟರೆ ಕರೆಂಟ್ ಹರಿಯುತ್ತಿಲ್ಲವಲ್ಲ ಎಂದು ಅದು ವೋಲ್ಟೇಜನ್ನು ತನ್ನ ಮಿತಿಯವರೆಗೆ ಏರಿಸುತ್ತದೆ. ಆ ವೋಲ್ಟೇಜು ಹೊರದಾರಿಯ ಕೆಪ್ಯಾಸಿಟರಿನಲ್ಲಿ ತುಂಬಿ ನಿಲ್ಲುತ್ತದೆ.

ಮಿತಿ 40 ವೋಲ್ಟ್, ಕೆಪ್ಯಾಸಿಟರ್ 10 ಮೈಕ್ರೊಫ್ಯಾರಡ್ ಎಂದುಕೊಳ್ಳಿ. ಈಗ 9 ವೋಲ್ಟಿನಲ್ಲಿ ಉರಿಯುವ ಮೂರು ಎಲ್‌ಇಡಿಯ ಬೋರ್ಡನ್ನು ಸಿಕ್ಕಿಸಿದಿರಿ. ಉಳಿದ 31 ವೋಲ್ಟನ್ನು ತಡೆಯಲು ತಂತಿಯದೂ ಎಲ್‌ಇಡಿಯದೂ ಸೇರಿ ಒಂದೆರಡು ಓಮ್ ಮಾತ್ರ. 700 ಮಿಲಿಆಂಪಿಯರಿಗೆ ಮಾಡಿದ ಚಿಪ್ಪಿನಲ್ಲಿ ಹತ್ತಾರು ಆಂಪಿಯರ್ ನುಗ್ಗುತ್ತದೆ. ಆ ಕೆಪ್ಯಾಸಿಟರಿನಲ್ಲಿದ್ದ ಶಕ್ತಿ 8 ಮಿಲಿಜೂಲ್. 3,000 ವೋಲ್ಟಿನ ಬೆರಳ ಹೊಡೆತದಲ್ಲಿ ಇರುವುದು ಅರ್ಧ ಮಿಲಿಜೂಲೂ ಇಲ್ಲ. ಡ್ರೈವರಿನ ಕರೆಂಟ್ ನಿಯಂತ್ರಣ ಇದನ್ನು ತಡೆಯಲಾರದು, ಏಕೆಂದರೆ ಶಕ್ತಿ ಬರುತ್ತಿರುವುದು ಕೆಪ್ಯಾಸಿಟರಿನಿಂದ. ಎಲ್‌ಇಡಿಯೊಳಗಿನ ರಕ್ಷಣಾ ಡಯೋಡೂ ತಡೆಯದು. ಕರೆಂಟ್ ಹರಿಯುತ್ತಿರುವುದು ಎಲ್‌ಇಡಿ ಉರಿಯುವ ದಿಕ್ಕಿನಲ್ಲೇ.

ಕ್ರಮ ಹೀಗಿರಲಿ:

1. ಸಪ್ಲೈ ಆಫ್ ಮಾಡಿ.
2. ಡ್ರೈವರಿನ ಹೊರದಾರಿಯನ್ನು 1 ಕಿಲೊಓಮ್, ಅರ್ಧ ವ್ಯಾಟಿನ ಅಥವಾ ಹೆಚ್ಚಿನ ರೆಸಿಸ್ಟರಿನಿಂದ ಕೆಲವು ಸೆಕೆಂಡು ಖಾಲಿ ಮಾಡಿ, ಮೀಟರಿನಲ್ಲಿ 1 ವೋಲ್ಟಿಗಿಂತ ಕಡಿಮೆ ಇದೆಯೆಂದು ನೋಡಿ. ಸ್ಕ್ರೂಡ್ರೈವರಿನಿಂದ ಶಾರ್ಟ್ ಮಾಡಬೇಡಿ.
3. ಎಲ್‌ಇಡಿ ಕನೆಕ್ಟರ್ ಪೂರ್ತಿ ಸಿಕ್ಕಿಸಿ, ಬೀಗ ಬಿದ್ದಿದೆಯೆಂದು ಖಚಿತಪಡಿಸಿಕೊಳ್ಳಿ.
4. ಆಮೇಲೆ ಸಪ್ಲೈ ಹಾಕಿ. ತೆಗೆಯುವಾಗ ತಿರುವುಮುರುವು: ಮೊದಲು ಸಪ್ಲೈ, ಕೊನೆಗೆ ಎಲ್‌ಇಡಿ.

ಪರೀಕ್ಷಾ ಫಿಕ್ಸ್ಚರಿನ ಸ್ಪ್ರಿಂಗ್ ಪಿನ್ನುಗಳೂ ಇದೇ ಅಪಾಯ ತರುತ್ತವೆ. ಪಿನ್ ಸವೆದು ಒಂದು ಕ್ಷಣ ಬಿಟ್ಟು ಹಿಡಿದರೆ ಅದೂ ವಿದ್ಯುತ್ತಿರುವಾಗ ಸಿಕ್ಕಿಸಿದ ಲೆಕ್ಕವೇ. ಪಿನ್ನುಗಳು ಕೂತು ಅರ್ಧ ಸೆಕೆಂಡ್ ಆದ ಮೇಲಷ್ಟೇ ಸಪ್ಲೈ ಬರುವಂತೆ ಫಿಕ್ಸ್ಚರಿನಲ್ಲಿ ವಿಳಂಬ ಇಡಿ. ಒಂದೇ ಫಿಕ್ಸ್ಚರಿನಿಂದ ಕೆಟ್ಟ ಬೋರ್ಡುಗಳು ಸಾಲಾಗಿ ಬರತೊಡಗಿದರೆ ಮೊದಲು ಪಿನ್ನುಗಳನ್ನು ನೋಡಿ.

ಹಂತ 7: ಮುಚ್ಚುವ ಮುನ್ನ

ಲೆನ್ಸ್ ಮುಚ್ಚುವ ಮೊದಲು ಅಲ್ಪ ಕರೆಂಟಿನ ಪರೀಕ್ಷೆಯನ್ನು ಇನ್ನೊಮ್ಮೆ ಮಾಡಿ. ಮೂರನೇ ಹಂತದಲ್ಲಿ ಪಾಸಾದ ಬೋರ್ಡ್ ಇಲ್ಲಿ ಫೇಲಾದರೆ ಪೆಟ್ಟು ನಿಮ್ಮದೇ ಸಾಲಿನಲ್ಲಿ ಬಿದ್ದಿದೆ ಎಂದು ಖಚಿತ; ಯಾವ ಎರಡು ಹಂತಗಳ ನಡುವೆ ಎಂಬುದೂ ತಿಳಿಯುತ್ತದೆ. ಇಲ್ಲೇ ಲೋಹದ ಚೂರುಗಳನ್ನು ಹೀರುಗೊಳವೆಯಿಂದ ತೆಗೆಯಿರಿ. ಊದಿದರೆ ಅವು ಮೂಲೆಗೆ ಸೇರಿ ಗಾಡಿ ಓಡುವಾಗ ಪ್ಯಾಡುಗಳ ನಡುವೆ ಬಂದು ಕೂರುತ್ತವೆ.

ಅಂಟಿನ ಆಯ್ಕೆಯಲ್ಲಿ ಎಚ್ಚರ. ವಿನೆಗರ್ ವಾಸನೆಯ ಸಿಲಿಕೋನ್ ಅಂಟು ಒಣಗುವಾಗ ಅಸಿಟಿಕ್ ಆಮ್ಲ ಬಿಟ್ಟು ತಾಮ್ರವನ್ನು ತಿನ್ನುತ್ತದೆ. ಕ್ಷಣದಲ್ಲಿ ಅಂಟುವ ಸೈನೊಅಕ್ರಿಲೇಟ್, ಟೊಲುಯೀನ್ ಇರುವ ದ್ರಾವಕ, ಅಸಿಟೋನ್ ಇವುಗಳ ಆವಿ ಎಲ್‌ಇಡಿಯ ಸಿಲಿಕೋನ್ ಒಳಗೆ ಇಳಿಯುತ್ತದೆ. ಮುಚ್ಚಿದ ದೀಪದಲ್ಲಿ ಅದು ಹೊರಹೋಗಲಾರದು. ನೀಲಿ ಬೆಳಕು ಮತ್ತು ಶಾಖಕ್ಕೆ ಸಿಕ್ಕು ಕಂದಾಗಿ ಬೆಳಕನ್ನು ನುಂಗುತ್ತದೆ. ಹೀಗೆ ಕಂದಾದ ಎಲ್‌ಇಡಿಯನ್ನು ತೆರೆದ ಗಾಳಿಯಲ್ಲಿ ಉರಿಸಿದರೆ ಬಣ್ಣ ಬಹುಪಾಲು ತಿಳಿಯಾಗುವುದುಂಟು. ತಿಳಿಯಾದರೆ ಕಾರಣ ಆವಿ, ಆಗದಿದ್ದರೆ ಗಂಧಕ ಅಥವಾ ಅತಿಶಾಖದ ಕಡೆ ನೋಡಿ. ಅಂಟು ಅದರ ತಯಾರಕರು ಹೇಳಿದಷ್ಟು ಹೊತ್ತು ತೆರೆದ ಗಾಳಿಯಲ್ಲಿ ಆರಿದ ಮೇಲೆ ಮುಚ್ಚಿ.

ಲೆನ್ಸನ್ನು ಕಂಪನದಿಂದ ಬೆಸೆಯುವಾಗ ಉಜ್ಜಾಟವೇ ಶಾಖದ ಮೂಲ, ಚಾರ್ಜಿನ ಮೂಲವೂ ಹೌದು. ಅಲ್ಟ್ರಾಸಾನಿಕ್ ಬೆಸುಗೆಯ 20 ಕಿಲೊಹರ್ಟ್ಸ್ ಕಂಪನ ಎಲ್‌ಇಡಿಯ ತಂತಿಗಳನ್ನೂ ಸೆರಾಮಿಕ್ ಭಾಗಗಳನ್ನೂ ನಡುಗಿಸುತ್ತದೆ. ವಿನ್ಯಾಸ ಅವಕಾಶ ಕೊಟ್ಟರೆ ಬೋರ್ಡನ್ನು ಬೆಸುಗೆಯ ನಂತರ ಹಿಂಬದಿಯ ಕಿಟಕಿಯಿಂದ ಕೂರಿಸುವುದೇ ಮೇಲು. ಕೊಡದಿದ್ದರೆ ಹಾಟ್ ಪ್ಲೇಟ್ ಅಥವಾ ಲೇಸರ್ ಬೆಸುಗೆ.

ಉಸಿರಾಟದ ಪೊರೆಯನ್ನು ಬೆರಳಿನಿಂದ ಮುಟ್ಟಬೇಡಿ. ನೀರು ತಡೆದು ಗಾಳಿ ಬಿಡುವ ಅದರ ಸೂಕ್ಷ್ಮ ರಂಧ್ರಗಳು ಜಿಡ್ಡು ತಾಗಿದರೆ ಕಟ್ಟಿಕೊಂಡು, ಒಳಗೆ ಮಂಜು ಕಟ್ಟಿ, ಬೋರ್ಡ್ ತುಕ್ಕು ಹಿಡಿಯುತ್ತದೆ. ಸೋರಿಕೆ ಪರೀಕ್ಷೆಯ ಗಾಳಿಯನ್ನು ನಿಧಾನವಾಗಿ ಏರಿಸಿ.

ಹಂತ 8: ಕೊನೆಯ ಪರೀಕ್ಷೆ, ಇಡುವ ಬಗೆ

ಪೂರ್ಣ ಕರೆಂಟಿನಲ್ಲಿ 10 ನಿಮಿಷ ಉರಿಸಿ, ಆರಂಭದ ಮತ್ತು ಕೊನೆಯ ವೋಲ್ಟೇಜ್ ಬರೆದುಕೊಳ್ಳಿ. ಬಿಸಿಯಾದಂತೆ ಎಲ್‌ಇಡಿಯ ವೋಲ್ಟೇಜ್ ತುಸು ಇಳಿಯುವುದು ಸಹಜ. ಅದೇ ಮಾದರಿಯ ಬೇರೆ ದೀಪಗಳಿಗಿಂತ ಹೆಚ್ಚು ಇಳಿದರೆ ಶಾಖ ಹೋಗುತ್ತಿಲ್ಲ, ಪೇಸ್ಟ್ ಅಥವಾ ಸ್ಕ್ರೂ ನೋಡಿ. ಸುಮಾರು 3 ವೋಲ್ಟಿನಷ್ಟು ಒಮ್ಮೆಗೇ ಕಡಿಮೆ ತೋರಿಸಿದರೆ ಸರಣಿಯಲ್ಲಿ ಒಂದು ಎಲ್‌ಇಡಿ ಶಾರ್ಟ್ ಆಗಿದೆ. ದೀಪದೊಳಗೆ ನೇರ ದಿಟ್ಟಿಸಬೇಡಿ, ಗೋಡೆಯ ಮೇಲೆ ಬೀಳುವ ಬೆಳಕು ನೋಡಿ.

ಕನೆಕ್ಟರಿಗೆ ಮುಚ್ಚಳ ಹಾಕಿ, ವಾಹನದ ತಂತಿ ಸಿಕ್ಕಿಸುವವರೆಗೆ ತೆಗೆಯಬೇಡಿ. ಮುಗಿದ ದೀಪವನ್ನು ಕಿಟಕಿಯ ಬಿಸಿಲಿಗೆ ಮುಖ ಮಾಡಿ ಇಡಲೇಬೇಡಿ: ಪ್ರೊಜೆಕ್ಟರ್ ಲೆನ್ಸ್ ಸೂರ್ಯನ ಕಿರಣಗಳನ್ನು ಒಳಗೆ ಒಂದು ಬಿಂದುವಿಗೆ ಸೇರಿಸಿ ಬೆಝೆಲನ್ನು ಕರಗಿಸಬಲ್ಲದು, ಬಿಂದು ಬೋರ್ಡಿನ ಮೇಲೆ ಬಿದ್ದರೆ ಎಲ್‌ಇಡಿಯನ್ನೂ ಸುಡಬಲ್ಲದು. ಬೆಳಕು ದಾಟದ ಹೊದಿಕೆ ಹಾಕಿಯೇ ಟ್ರೇಗೆ ಇಳಿಸಿ.